ಮನೆಯಲ್ಲೇ ಹೈಲೈಟ್: ಮೆಹಂದಿ ಹಚ್ಚಿದ ತಲೆಗೆ ಮೊದಲು ಪರೀಕ್ಷೆ

ಹೈಲೈಟ್ ಅಂದರೆ ಇಡೀ ತಲೆಗೆ ಬಣ್ಣ ಹಚ್ಚುವುದಲ್ಲ. ಕರಿ ಕೂದಲಿನ ನಡುವೆ ಅಲ್ಲೊಂದು ಇಲ್ಲೊಂದು ಎಳೆ ಆರಿಸಿ, ಅದರ ಕಪ್ಪು ತೆಗೆದು, ಕಂದು ಅಥವಾ ತಾಮ್ರದ ಬಣ್ಣಕ್ಕೆ ತರುವುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಲ್ಲಿ ಕಾಲೇಜು ಹುಡುಗಿಯರು, ಹೊಸದಾಗಿ ಲಗ್ನವಾದವರು, ಹುಡುಗರು ಕೂಡ ಈಗ ಇದನ್ನು ಮನೆಯಲ್ಲೇ ಮಾಡಿಕೊಳ್ಳಲು ನೋಡುತ್ತಾರೆ. ಸಾಮಾನು ಪೇಟೆಯಲ್ಲಿ ಸಿಗುತ್ತದೆ, ಮಾಡುವ ಬಗೆ ಮೊಬೈಲಿನಲ್ಲಿ ಸಿಗುತ್ತದೆ. ಆದರೆ ಮೊಬೈಲಿನ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವುದು ಯಾವ ಬಣ್ಣವೂ ಸೋಕದ ಕೂದಲು. ನಮ್ಮ ಕಡೆಯ ಅನೇಕರ ತಲೆ ಹಾಗಿರುವುದಿಲ್ಲ. ಅದರ ಮೇಲೆ ವರ್ಷಗಳ ಮೆಹಂದಿ ಇರುತ್ತದೆ, ‘ಕಾಲಿ ಮೆಹಂದಿ’ ಇರುತ್ತದೆ, ಬೋರ್‌ವೆಲ್ಲಿನ ಸವಳು ನೀರಿನ ಅಂಶ ಕೂತಿರುತ್ತದೆ. ಬಣ್ಣ ಕೈಕೊಡುವುದು ಈ ಮೂರರಿಂದಲೇ. ಹಾಗಾಗಿ ಬ್ರಷ್ ಹಿಡಿಯುವ ಮುಂಚಿನ ಎರಡು ದಿನದ ಕೆಲಸವನ್ನೇ ಇಲ್ಲಿ ಹೆಚ್ಚು ವಿವರವಾಗಿ ಹೇಳುತ್ತೇನೆ.

ಕಪ್ಪು ಹೋಗುವ ಬಗೆ

ರಬಕವಿ-ಬನಹಟ್ಟಿಯ ನೇಕಾರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರಿ ನೂಲಿನ ಮೇಲೆ ತಿಳಿ ಬಣ್ಣ ಹತ್ತುವುದಿಲ್ಲ. ಮೊದಲು ನೂಲು ಬಿಳುಪಾಗಬೇಕು, ಆಮೇಲೆ ಬಣ್ಣ. ಕೂದಲಿಗೂ ಅದೇ ನಿಯಮ. ಆದರೆ ಹತ್ತಿ ಸೆಲ್ಯುಲೋಸ್. ಕೂದಲು ರೇಷ್ಮೆ, ಉಣ್ಣೆಗಳ ಹಾಗೆ ಪ್ರೋಟೀನ್. ಹತ್ತಿ ತಾಳುವಷ್ಟು ಕ್ಷಾರವನ್ನು ಕೂದಲು ತಾಳುವುದಿಲ್ಲ. ಕುಡಿಯುವ ನೀರಿನ ಟಾಕಿಗೆ ಹಾಕುವ ಬ್ಲೀಚಿಂಗ್ ಪೌಡರ್, ಬಟ್ಟೆಯ ಕಲೆ ತೆಗೆಯುವ ದ್ರಾವಣ, ಬಚ್ಚಲು ತೊಳೆಯುವ ಆಸಿಡ್ ಇವು ಯಾವುವೂ ತಲೆಯ ಹತ್ತಿರ ಬರಬಾರದು. ಮುಖಕ್ಕೆ ಹಚ್ಚುವ ಬ್ಲೀಚ್ ಕ್ರೀಮ್ ಕೂಡ ಇದಕ್ಕಲ್ಲ.

ಬೇಕಾದದ್ದು ಎರಡೇ: ಕೂದಲಿಗೆಂದೇ ಮಾಡಿದ ಬ್ಲೀಚ್ ಪುಡಿ ಮತ್ತು ಡೆವಲಪರ್. ಪುಡಿಯಲ್ಲಿ ಪರ್ಸಲ್ಫೇಟ್ ಲವಣಗಳು ಮತ್ತು ಕ್ಷಾರ ಇರುತ್ತವೆ, ಡೆವಲಪರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್. ಕ್ಷಾರ ಕೂದಲಿನ ಹೊರಪದರವನ್ನು ಉಬ್ಬಿಸಿ ದಾರಿ ಮಾಡುತ್ತದೆ, ಉಳಿದವು ಒಳಹೋಗಿ ಕಪ್ಪು ಕೊಡುವ ಮೆಲನಿನ್ ಒಡೆಯುತ್ತವೆ. ಡೆವಲಪರ್ ಡಬ್ಬಿಯ ಮೇಲೆ 20, 30, 40 ವಾಲ್ಯೂಮ್ ಎಂದು ಬರೆದಿರುತ್ತದೆ. 20 ಅಂದರೆ ಶೇ 6ರಷ್ಟು ಪೆರಾಕ್ಸೈಡ್, 30 ಅಂದರೆ ಶೇ 9, 40 ಅಂದರೆ ಶೇ 12. ಮನೆಯಲ್ಲಿ ಮಾಡುವವರಿಗೆ 20 ಮಾತ್ರ. ಬೇಗ ಆಗಲಿ ಎಂದು 40 ತಂದವರ ಕೂದಲು ಬಣ್ಣಕ್ಕಿಂತ ಮೊದಲು ತುಂಡಾಗಬಹುದು.

ಕರಿ ಕೂದಲು ಒಮ್ಮೆಲೇ ಹೊಂಬಣ್ಣಕ್ಕೆ ಬರುವುದಿಲ್ಲ. ಕಡುಕಂದು, ಕೆಂಪು, ಕಿತ್ತಳೆ, ಹಳದಿ ಎಂದು ಒಂದೊಂದೇ ಮೆಟ್ಟಿಲು ಏರುತ್ತದೆ. ಪ್ರತಿ ಮೆಟ್ಟಿಲಿಗೂ ಕೂದಲು ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ನನ್ನ ಸಲಹೆ ನೇರ: ತಾಮ್ರದ ಕಂದಿಗೆ ನಿಲ್ಲಿಸಿ. ನಮ್ಮ ಮೈಬಣ್ಣಕ್ಕೆ ಅದು ಒಪ್ಪುತ್ತದೆ, ಬುಡದಲ್ಲಿ ಹೊಸ ಕೂದಲು ಬೆಳೆದಾಗ ಎದ್ದು ಕಾಣುವುದಿಲ್ಲ, ಒಂದೇ ಸಲದ ಕೆಲಸದಲ್ಲಿ ಮುಗಿಯುತ್ತದೆ. ಹಳದಿ ಹೊಂಬಣ್ಣವೇ ಬೇಕೆನ್ನುವವರು ಪಾರ್ಲರಿಗೆ ಹೋಗುವುದೇ ಸರಿ.

ನಿಮ್ಮ ಕೂದಲಿಗೆ ಹಿಂದೆ ಏನೇನು ಹಚ್ಚಿದ್ದೀರಿ?

ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಹಾಗಾಗಿ ಬುಡದಿಂದ 30 ಸೆಂ.ಮೀ. ಕೆಳಗಿರುವ ತುದಿ ಎರಡು ವರ್ಷಕ್ಕೂ ಹಳೆಯದು. ಅಕ್ಕನ ಲಗ್ನದಲ್ಲಿ ಹಚ್ಚಿ ಮರೆತುಬಿಟ್ಟ ಬಣ್ಣ ಅಲ್ಲಿ ಇನ್ನೂ ಇದ್ದೀತು. ಆ ಲೆಕ್ಕ ಹಾಕಿ, ಏನು ಹಚ್ಚಿದ್ದಿರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಬರೀ ಮೆಹಂದಿ ಎಲೆಯ ಪುಡಿ ಹಚ್ಚಿದ್ದರೆ ಅಪಾಯ ಕಡಿಮೆ, ಆದರೆ ಅದರ ಕೆಂಪು ಹಟಮಾರಿ. ಬ್ಲೀಚ್ ಹಾಕಿದರೂ ಕಿತ್ತಳೆಯಲ್ಲೇ ನಿಲ್ಲುತ್ತದೆ. ಮೆಹಂದಿಯ ಮೇಲೆ ಇಂಡಿಗೊ, ಅಂದರೆ ನೀಲಿ ಎಲೆಯ ಪುಡಿ ಹಚ್ಚಿ ಕಪ್ಪು ಮಾಡಿಕೊಂಡಿದ್ದರೆ ಬ್ಲೀಚ್ ತಾಗಿದಾಗ ಎಳೆ ಹಸಿರಾಗಬಹುದು. ‘ಕಾಲಿ ಮೆಹಂದಿ’ ಎಂದು ಮಾರುವ ಪೊಟ್ಟಣಗಳಲ್ಲಿ ಬಹಳಷ್ಟು ಹೆಸರಿಗಷ್ಟೇ ಮೆಹಂದಿ. ಕಪ್ಪು ಕೊಡುವುದು ಪಿಪಿಡಿ ಎಂಬ ರಾಸಾಯನಿಕ. ಇನ್ನು ಕೆಲವು ಬಣ್ಣಗಳಲ್ಲಿ ಲೋಹದ ಲವಣ ಬೆರೆತಿರುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಇದೇ: ಲೋಹದ ಲವಣಕ್ಕೆ ಪೆರಾಕ್ಸೈಡ್ ಸೇರಿದರೆ ಕೂದಲು ಕಾಯುತ್ತದೆ, ಹೊಗೆಯಾಡುತ್ತದೆ, ತಲೆಯ ಚರ್ಮ ಸುಡಬಹುದು.

ನಿಮ್ಮ ಕೂದಲಲ್ಲಿ ಇಂಥದ್ದು ಇದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಕತ್ತಿನ ಹಿಂದೆ ಒಳಗಿನ ಕೂದಲಿನಿಂದ ಚಿಕ್ಕ ಎಳೆ ಕತ್ತರಿಸಿ, ಒಂದು ತುದಿಗೆ ದಾರ ಸುತ್ತಿ. ಹಣಿಗೆಯಲ್ಲಿ ಉಳಿದ ಕೂದಲಾದರೂ ಆದೀತು. ಗಾಜಿನ ಬಟ್ಟಲಿನಲ್ಲಿ ಸ್ವಲ್ಪ ಪುಡಿ, ಡೆವಲಪರ್ ಕಲಸಿ ಎಳೆಯನ್ನು ಅದರಲ್ಲಿ ಮುಳುಗಿಸಿ. ಗಾಳಿಯಾಡುವ ಕಡೆ ಇಟ್ಟು ಅರ್ಧ ಗಂಟೆ ನೋಡಿ. ಬಟ್ಟಲು ಬಿಸಿಯಾದರೆ, ನೊರೆಯೆದ್ದರೆ, ಸುಟ್ಟ ವಾಸನೆ ಬಂದರೆ ಆ ತಲೆಗೆ ಹೈಲೈಟ್ ಬೇಡ. ಎಳೆ ಹಸಿರಾದರೂ ಬೇಡ. ತೊಳೆದು ಎಳೆದಾಗ ರಬ್ಬರಿನಂತೆ ಹಿಗ್ಗಿ ಹಿಂದೆ ಬರದಿದ್ದರೆ ಕೂದಲಿಗೆ ಇನ್ನಷ್ಟು ಬ್ಲೀಚ್ ತಾಳುವ ಬಲವಿಲ್ಲ. ತಾಮ್ರದ ಬಣ್ಣಕ್ಕೆ ಬಂದು ಗಟ್ಟಿಯಾಗಿಯೇ ಉಳಿದರೆ ಮುಂದುವರಿಯಿರಿ, ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಅದೇ ಚೀಟಿಯಲ್ಲಿ ಬರೆಯಿರಿ.

ಅದೇ ದಿನ ಕಿವಿಯ ಹಿಂದೆ ಅಥವಾ ಮೊಣಕೈ ಒಳಬದಿಗೆ, ಪೊಟ್ಟಣದಲ್ಲಿ ಹೇಳಿದಂತೆ ಮಿಶ್ರಣವನ್ನು ಚೂರು ಹಚ್ಚಿ 48 ಗಂಟೆ ಕಾಯಿರಿ. ತುರಿಕೆ, ಕೆಂಪು, ಬಾವು ಕಂಡರೆ ಅಲ್ಲಿಗೇ ಬಿಡಿ. ಹೋದ ವರ್ಷ ಏನೂ ಆಗಿರಲಿಲ್ಲ ಎಂಬುದು ಈ ವರ್ಷಕ್ಕೆ ಖಾತರಿಯಲ್ಲ; ಅಲರ್ಜಿ ಯಾವಾಗ ಬೇಕಾದರೂ ಹುಟ್ಟಬಹುದು. ದಮ್ಮು ಇರುವವರು ಬ್ಲೀಚ್ ಪುಡಿಯಿಂದ ದೂರವಿರಬೇಕು, ಪರ್ಸಲ್ಫೇಟಿನ ಧೂಳು ಉಬ್ಬಸ ತರುತ್ತದೆ. ತಲೆಯಲ್ಲಿ ಗಾಯ, ಹುಣ್ಣು ಇರುವವರಿಗೆ, 16 ವರ್ಷದೊಳಗಿನ ಮಕ್ಕಳಿಗೆ ಇದು ಬೇಡ. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ನೀರಿನ ಮಾತು

ಕೃಷ್ಣಾ, ಘಟಪ್ರಭಾ ದಂಡೆಯ ಕಬ್ಬಿನ ಹೊಲಗಳಲ್ಲಿ ಸವಳು-ಜವಳಿನ ಸಂಕಟ ಏನೆಂದು ಈ ಭಾಗದ ರೈತರಿಗೆ ಗೊತ್ತು. ಬೋರಿನ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣದ ಅಂಶ ತಲೆಗೂದಲಿನ ಮೇಲೂ ಕೂರುತ್ತದೆ. ಅದರ ಮೇಲೆ ಬ್ಲೀಚ್ ಒಂದೇ ಸಮ ಕೆಲಸ ಮಾಡುವುದಿಲ್ಲ. ಎರಡು ದಿನ ಮುಂಚೆ ಕ್ಲಾರಿಫೈಯಿಂಗ್ ಶಾಂಪೂ ಹಾಕಿ ತಲೆ ತೊಳೆಯಿರಿ, ಆಮೇಲೆ ತೊಳೆಯಬೇಡಿ, ಚರ್ಮದ ಸಹಜ ಜಿಡ್ಡು ಉರಿಯಿಂದ ಕಾಪಾಡುತ್ತದೆ. ಕೊನೆಯ ತೊಳೆತಕ್ಕೆ ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದಿಟ್ಟುಕೊಳ್ಳಿ. ಖರ್ಚು ಕಡಿಮೆ, ಗುಣ ದೊಡ್ಡದು.

ಕೆಲಸದ ದಿನ

ಒಬ್ಬರೇ ಮಾಡಬೇಡಿ. ಹಿಂದಲೆ ನಿಮಗೆ ಕಾಣುವುದಿಲ್ಲ, ಅಕ್ಕನೋ ವೈನಿಯೋ ಜೊತೆಗಿರಲಿ. ಲಗ್ನ, ನಿಶ್ಚಯದ ಹಿಂದಿನ ದಿನವಂತೂ ಬೇಡವೇ ಬೇಡ; ಕನಿಷ್ಠ ಎರಡು ವಾರ ಮುಂಚೆ ಮುಗಿಸಿ. ಪಡಸಾಲೆಯಂಥ ಗಾಳಿಯಾಡುವ, ನೆರಳಿನ ಜಾಗ ನೋಡಿ. ಏಪ್ರಿಲ್-ಮೇ ಸೆಕೆಯಲ್ಲಿ ಬ್ಲೀಚ್ ಇನ್ನೂ ವೇಗವಾಗಿ ಕೆಲಸ ಮಾಡುತ್ತದೆ, ಆ ತಿಂಗಳಲ್ಲಿ ಬೆಳಿಗ್ಗೆ ಬೇಗ ಮಾಡುವುದು ಒಳ್ಳೆಯದು. ಮಾಳಿಗೆಯ ಬಿಸಿಲಲ್ಲಿ ಕೂತು ಒಣಗಿಸಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ.

ಹಳೆಯ ಬಟ್ಟೆ ಉಟ್ಟು, ಹೆಗಲಿಗೆ ಟವೆಲ್ ಹೊದೆದು, ಹಣೆ, ಕಿವಿ, ಕತ್ತಿನ ಅಂಚಿಗೆ ವ್ಯಾಸಲೀನ್ ಸವರಿ. ಕೈಗವಸು ಹಾಕಿಕೊಳ್ಳಿ. ಬಟ್ಟಲು ಪ್ಲಾಸ್ಟಿಕ್ಕಿನದು ಅಥವಾ ಗಾಜಿನದು ಇರಲಿ. ಸ್ಟೀಲ್, ತಾಮ್ರ, ಹಿತ್ತಾಳೆ ಬೇಡ. ಒಣಗಿದ ಕೂದಲನ್ನು ಸಿಕ್ಕು ಬಿಡಿಸಿ ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ.

ಹೆಚ್ಚಿನ ಪೊಟ್ಟಣಗಳಲ್ಲಿ ಒಂದು ಪಾಲು ಪುಡಿಗೆ ಎರಡು ಪಾಲು ಡೆವಲಪರ್ ಎಂದಿರುತ್ತದೆ, ಅಂದರೆ 30 ಗ್ರಾಂಗೆ 60 ಮಿ.ಲೀ. ನಿಮ್ಮ ಪೊಟ್ಟಣದಲ್ಲಿ ಬೇರೆ ಅಳತೆ ಇದ್ದರೆ ಅದೇ ನಿಮಗೆ ಅಳತೆ. ಬ್ರಷ್ ಎತ್ತಿದರೆ ತೊಟ್ಟಿಕ್ಕದಷ್ಟು ಗಟ್ಟಿ ಇರಬೇಕು. ಒಂದೇ ಸಲ ಎಲ್ಲವನ್ನೂ ಕಲಸಬೇಡಿ, ಹೊತ್ತು ಕಳೆದಂತೆ ಅದರ ಬಲ ಇಳಿಯುತ್ತದೆ.

ಮೊದಲ ಸಲಕ್ಕೆ 8ರಿಂದ 12 ಎಳೆ ಸಾಕು. ಹಿಂದಿನಿಂದ ಶುರು ಮಾಡಿ. ಮುಖದ ಅಕ್ಕಪಕ್ಕದ ಕೂದಲು ಸಣ್ಣದು, ಬೇಗ ಬಣ್ಣ ಬಿಡುತ್ತದೆ, ಅದು ಕೊನೆಗೆ. ತೆಳ್ಳಗಿನ ಒಂದು ಪದರ ತೆಗೆದು, ಹಣಿಗೆಯ ಚೂಪು ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸುತ್ತ ಒಂದು ಬಿಟ್ಟು ಒಂದು ಎಳೆ ಎತ್ತಿಕೊಳ್ಳಿ. ಎತ್ತಿದ್ದರ ಕೆಳಗೆ, ರೊಟ್ಟಿ-ಚಪಾತಿ ಸುತ್ತುವ ಫಾಯಿಲ್ ತುಂಡು ಇಟ್ಟು ಮಿಶ್ರಣ ಹಚ್ಚಿ. ಬುಡದಿಂದ 2 ಸೆಂ.ಮೀ. ಬಿಟ್ಟೇ ಹಚ್ಚಿ. ತಲೆಯ ಬಿಸಿಗೆ ಬುಡದ ಕೂದಲು ಉಳಿದದ್ದಕ್ಕಿಂತ ಬೇಗ ತಿಳಿಯಾಗುತ್ತದೆ, ಜೊತೆಗೆ ಮಿಶ್ರಣ ಉಬ್ಬಿ ಮೇಲಕ್ಕೆ ಸರಿಯುತ್ತದೆ. ಫಾಯಿಲನ್ನು ಸಡಿಲವಾಗಿ ಮಡಚಿ. ಬಿಗಿದು ಕಟ್ಟಿದರೆ ಮಿಶ್ರಣ ಹೊರಗೆ ಬಂದು ಪಕ್ಕದ ಕೂದಲಿಗೆ ಕಲೆ ಮಾಡುತ್ತದೆ.

ಉದ್ದ ಹೆರಳಿನವರಿಗೆ ಇನ್ನೂ ಸುಲಭದ ದಾರಿ ಇದೆ: ಫಾಯಿಲ್ ಬಿಟ್ಟು, ತುದಿಯ ಒಂದು ಗೇಣಿಗೆ ಮಾತ್ರ ಅಲ್ಲಲ್ಲಿ ಬ್ರಷ್ಷಿನಿಂದ ಎಳೆಯುವುದು. ಚೆನ್ನಾಗಿ ಬರದಿದ್ದರೆ ಅಷ್ಟನ್ನು ಕತ್ತರಿಸಬಹುದು. ಮೊದಲ ಸಲದವರಿಗೆ ನಾನು ಹೇಳುವುದು ಇದನ್ನೇ. ಹಳೆಯ ಬಣ್ಣವಿರುವುದೂ ತುದಿಯಲ್ಲೇ, ಹಾಗಾಗಿ ಪರೀಕ್ಷೆಗೂ ತುದಿಯ ಕೂದಲನ್ನೇ ತೆಗೆದುಕೊಳ್ಳಿ.

ಹತ್ತು ನಿಮಿಷದ ನಂತರ, ಆಮೇಲೆ ಐದೈದು ನಿಮಿಷಕ್ಕೊಮ್ಮೆ ಮೊದಲ ಫಾಯಿಲ್ ಬಿಚ್ಚಿ ನೋಡಿ. ಚೀಟಿಯಲ್ಲಿ ಬರೆದ ಸಮಯ ನೆನಪಿರಲಿ. ಪೊಟ್ಟಣದಲ್ಲಿ ಬರೆದ ಗರಿಷ್ಠ ಸಮಯವನ್ನು ದಾಟಲೇಬೇಡಿ, ಬಣ್ಣ ಸಾಲದಿದ್ದರೂ ಸರಿ. ಸ್ವಲ್ಪ ಚುರುಕು ಸಹಜ. ಉರಿ ಎದ್ದರೆ ಒಂದು ನಿಮಿಷವೂ ಕಾಯದೆ ತೊಳೆಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ವೈದ್ಯರ ಹತ್ತಿರ ಹೋಗಿ. ಮುಖ ಬಾತರೆ, ಉಸಿರು ಕಟ್ಟಿದಂತಾದರೆ ಮನೆಮದ್ದು ಬೇಡ, ನೇರ ತಾಲ್ಲೂಕು ಆಸ್ಪತ್ರೆಗೆ ನಡೆಯಿರಿ.

ಮೊದಲು ಬರೀ ನೀರಿನಲ್ಲಿ, ಆಮೇಲೆ ಮೃದು ಶಾಂಪೂ, ಕಂಡಿಷನರ್. ಬಿಸಿನೀರು ಬೇಡ. ಕಡೆಗೆ ಕ್ಯಾನಿನ ಶುದ್ಧ ನೀರು. ಒಂದು ಲೀಟರಿಗೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿದರೆ ಉಬ್ಬಿದ ಹೊರಪದರ ಕೂರುತ್ತದೆ. ಕಿತ್ತಳೆ ಹೆಚ್ಚೆನಿಸಿದರೆ ನೀಲಿ ಶಾಂಪೂ, ಹಳದಿ ಹೆಚ್ಚೆನಿಸಿದರೆ ನೇರಳೆ ಶಾಂಪೂ ಅದನ್ನು ತಗ್ಗಿಸುತ್ತದೆ.

ಆಮೇಲಿನ ಆರೈಕೆ

ಎರಡು-ಮೂರು ದಿನ ಶಾಂಪೂ ಬೇಡ. ಆಮೇಲೆ ಪ್ರತಿ ಸಲ ತಲೆ ತೊಳೆಯುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ. ಅದು ಕೂದಲಿನ ಒಳಕ್ಕೆ ಇಳಿದು ಪ್ರೋಟೀನ್ ಸೋರುವುದನ್ನು ತಡೆಯುತ್ತದೆ. ಬಿಸಿಲಿಗೆ ಹೋಗುವಾಗ ಸೆರಗೋ ದುಪಟ್ಟಾವೋ ತಲೆಯ ಮೇಲಿರಲಿ. ಸ್ಟ್ರೇಟನರ್ ಕೆಲವು ವಾರ ಬದಿಗಿಡಿ. ಮತ್ತೆ ಬ್ಲೀಚ್ ಮಾಡುವುದಿದ್ದರೆ ಕನಿಷ್ಠ 8 ವಾರ ಬಿಡಬೇಕು.

ಬ್ಲೀಚ್ ಆದ ಕೂದಲು ತಾಗಿದ ಬಣ್ಣವನ್ನೆಲ್ಲ ಹೀರಿಕೊಳ್ಳುತ್ತದೆ. ಲಗ್ನದ ಅರಿಸಿನ, ಜಾತ್ರೆಯ ಭಂಡಾರ, ಬಾಗಲಕೋಟೆ ಕಡೆ ದಿನಗಟ್ಟಲೆ ನಡೆಯುವ ಹೋಳಿಯ ಬಣ್ಣ ಕರಿ ಕೂದಲಿನಿಂದ ತೊಳೆದು ಹೋಗುತ್ತವೆ, ಹೈಲೈಟಿನಿಂದ ಹೋಗುವುದಿಲ್ಲ. ಅಂಥ ದಿನ ಎಣ್ಣೆ ಹಚ್ಚಿ, ಹೆರಳು ಹಾಕಿ, ಬಟ್ಟೆ ಕಟ್ಟಿಕೊಂಡೇ ಹೊರಡಿ.

ಕಲಸಿ ಉಳಿದ ಮಿಶ್ರಣವನ್ನು ಮುಚ್ಚಳ ಬಿಗಿದು ಇಡಬೇಡಿ. ಅದರಿಂದ ಆಮ್ಲಜನಕ ಹೊರಡುತ್ತಲೇ ಇರುತ್ತದೆ, ಬಾಟಲಿ ಸಿಡಿಯಬಹುದು; ಬಹಳ ನೀರು ಬಿಟ್ಟು ಬಚ್ಚಲಿಗೆ ಹರಿಸಿ. ಕಲಸದ ಪುಡಿ, ಡೆವಲಪರ್, ಹಳೆಯ ಕರಿ ಬಣ್ಣದ ಪೊಟ್ಟಣ ಇದ್ದರೆ ಕಪಾಟಿನಲ್ಲಿಟ್ಟು ಕೀಲಿ ಹಾಕಿ. ಪಿಪಿಡಿ ಇರುವ ಕರಿ ಬಣ್ಣ ಹೊಟ್ಟೆಗೆ ಹೋದರೆ ಗಂಟಲು ಬಾತು ಜೀವಕ್ಕೇ ಅಪಾಯ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಈ ಒಂದು ಕೆಲಸವನ್ನು ಇವತ್ತೇ ಮಾಡಿ.