ಎಪ್ಪತ್ತೆರಡನೇ ಕಾಲಮ್‌ನ ಆಚೆ

ಪ್ರೋಗ್ರಾಮರ್ ತಿದ್ದಿದ್ದು ಬೆರಳೆಣಿಕೆಯ ಸಾಲು. ಸೋರ್ಸ್ ಕಾಯುವ ಎಂಡೆವರ್ ತಂತ್ರಾಂಶದ ದಾಖಲೆ ಹೇಳಿದ್ದು ಇಡೀ ಪ್ರೋಗ್ರಾಮೇ ಬದಲಾಗಿದೆ ಎಂದು. ಅಮೆರಿಕದ ಗ್ರಾಹಕರ ಕಡೆಯ ಆಡಿಟರ್ ಕೇಳಿದರು: ಇಷ್ಟೆಲ್ಲ ತಿದ್ದುಪಡಿಗೆ ಒಪ್ಪಿಗೆ ಕೊಟ್ಟವರು ಯಾರು? ಬೆಂಗಳೂರಿನಲ್ಲಿ ಕೂತು ಆ ವಿಮಾ ವ್ಯವಸ್ಥೆಯ ಕೋಬಾಲ್ ನೋಡಿಕೊಳ್ಳುತ್ತಿದ್ದ ತಂಡದ ಹುಡುಗ ಕಂಗಾಲಾದ. “ಮೇಡಂ, ಆಣೆ ಮಾಡಿ ಹೇಳ್ತೀನಿ, ನಾನು ಮುಟ್ಟಿದ್ದು ನಾಲ್ಕೇ ಸಾಲು.” ಅವನು ಹೇಳಿದ್ದು ನಿಜ. ಆ ತಂಡದಲ್ಲಿ ಈ ಬರಹಗಾರನೂ ಇದ್ದ. ಕಾರಣ ಸಿಕ್ಕಿದ್ದು ಪ್ರೋಗ್ರಾಮ್‌ನಲ್ಲಲ್ಲ, ಎಷ್ಟೋ ವರ್ಷಗಳ ಹಿಂದೆ ಯಾರೋ ತುಂಬಿಟ್ಟು ಹೋಗಿದ್ದ ಒಂದು ಪರದೆಯಲ್ಲಿ.

ಮೇನ್‌ಫ್ರೇಮ್ ಲೈಬ್ರರಿಯ ಮೆಂಬರ್‌ಗೆ ಎಂಟು ಅಕ್ಷರ ಮೀರದ ಹೆಸರು ಬಿಟ್ಟರೆ ಬೇರೆ ಗುರುತಿಲ್ಲ. ಡಾಟ್ ಸಿಬಿಎಲ್, ಡಾಟ್ ಜೆಸಿಎಲ್ ಎಂಬ ಬಾಲಗಳು ಅಲ್ಲಿ ಇರುವುದಿಲ್ಲ. ಇದು ಪ್ರೋಗ್ರಾಮೋ, ಕಾಪಿಬುಕ್ಕೋ, ಜೆಸಿಎಲ್ಲೋ ಎಂದು ಹೇಳುವ ಕೆಲಸ ಸೋರ್ಸ್ ಕಾಯುವ ತಂತ್ರಾಂಶದ್ದು. ಸಿಎ ಕಂಪನಿಯೊಂದಿಗೆ 2018ರಲ್ಲಿ ಬ್ರಾಡ್‌ಕಾಮ್ ಪಾಲಾದ ಎಂಡೆವರ್‌ನಲ್ಲಿ ಪ್ರತಿ ಎಲಿಮೆಂಟ್‌ಗೂ ಎನ್ವಿರಾನ್ಮೆಂಟ್, ಸ್ಟೇಜ್, ಸಿಸ್ಟಮ್, ಸಬ್‌ಸಿಸ್ಟಮ್, ಟೈಪ್ ಎಂಬ ವಿಳಾಸ ಇರುತ್ತದೆ. ಸಾಲಿನ ಉದ್ದ ಎಷ್ಟು, ಯಾವ ಕಾಲಮ್‌ನಿಂದ ಯಾವ ಕಾಲಮ್‌ವರೆಗೆ ಹೋಲಿಸಬೇಕು, ಹಳೆಯ ರೂಪಗಳನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನೆಲ್ಲ ಈ ಟೈಪ್ ತೀರ್ಮಾನಿಸುತ್ತದೆ.

ಯಾರೋ ತುಂಬಿಟ್ಟು ಹೋಗಿದ್ದ ಆ ಪರದೆಯ ಪ್ರಕಾರ, ಕೋಬಾಲ್ ಟೈಪ್‌ನಲ್ಲಿ ಹೋಲಿಕೆ 1ರಿಂದ 80ನೇ ಕಾಲಮ್‌ವರೆಗೆ ಎಂದಿತ್ತು. ಹಳೆಯ ಶೈಲಿಯ ಕೋಬಾಲ್‌ನಲ್ಲಿ ಮೊದಲ ಆರು ಕಾಲಮ್ ಸಾಲಿನ ಸಂಖ್ಯೆಗೆ. ಏಳನೆಯದು ಕಾಮೆಂಟ್‌ನ ನಕ್ಷತ್ರ, ಮುಂದುವರಿಕೆಯ ಗೀಟಿನಂಥ ಗುರುತುಗಳಿಗೆ. ನಿಜವಾದ ಕೋಡ್ 8ರಿಂದ 72ರೊಳಗೆ ಮುಗಿಯಬೇಕು. 73ರಿಂದ 80ರವರೆಗೆ ಏನೇ ಬರೆದರೂ ಕಂಪೈಲರ್ ತಲೆ ಕೆಡಿಸಿಕೊಳ್ಳುವುದಿಲ್ಲ. ಈ 72ರ ಬೇರು 1950ರ ದಶಕದಲ್ಲಿದೆ. ಐಬಿಎಂನ 80 ಕಾಲಮ್‌ಗಳ ಪಂಚ್ ಕಾರ್ಡ್ ಬಂದದ್ದು 1928ರಲ್ಲಿ. ಆದರೆ ಐಬಿಎಂ 704ರ ಕಾರ್ಡ್ ರೀಡರ್ ಒಂದು ಅಡ್ಡಸಾಲನ್ನು 36 ಬಿಟ್‌ಗಳ ಎರಡು ವರ್ಡ್‌ಗಳಾಗಿ, ಅಂದರೆ 72 ಕಾಲಮ್ ಮಾತ್ರ ಓದುತ್ತಿತ್ತು. ಉಳಿದ ಎಂಟು ಕಾಲಮ್ ಕಾರ್ಡಿನ ಗುರುತು ಬರೆಯಲು ಒದಗಿದವು. ಕಾರ್ಡುಗಳು ಗುಜರಿಗೆ ಹೋದವು, ಕಾಲಮ್‌ಗಳು ಹಾಗೇ ಉಳಿದವು.

ಹುಡುಗನ ಐಎಸ್‌ಪಿಎಫ್ ಎಡಿಟರ್‌ನಲ್ಲಿ ನಂಬರ್ ಆನ್ ಆಗಿತ್ತು. ಸೇವ್ ಮಾಡುವ ಮುನ್ನ ರೀನಂಬರ್ ಆಜ್ಞೆಯೂ ಓಡಿತ್ತು. ಪ್ರತಿ ಸಾಲಿಗೂ ಹೊಸ ಸಂಖ್ಯೆ ಬಿತ್ತು, ಎಂಡೆವರ್ ಪ್ರತಿ ಸಾಲನ್ನೂ ಹೊಸದೆಂದು ಬರೆದುಕೊಂಡಿತು. ಯಂತ್ರ ತನಗೆ ಹೇಳಿದ್ದನ್ನು ಮಾಡಿತ್ತು. ಹೋಲಿಕೆಯ ಗಡಿಯನ್ನು 7ರಿಂದ 72ಕ್ಕೆ ತಂದ ಮೇಲೆ ನಾಲ್ಕು ಸಾಲು ನಾಲ್ಕಾಗಿಯೇ ಕಾಣತೊಡಗಿತು.

ಈ ಯಶಸ್ಸಿನ ಹುರುಪಿನಲ್ಲಿ ಜೆಸಿಎಲ್ ಟೈಪ್‌ನ ಗಡಿಯನ್ನೂ 72ಕ್ಕೆ ಇಳಿಸಲಾಯಿತು. ಜೆಸಿಎಲ್‌ಗೆ ಅದೂ ಸರಿಯೇ. ಆದರೆ ಅದೇ ಟೈಪ್‌ನ ಕೆಳಗೆ ಬ್ಯಾಚ್ ಪ್ರೋಗ್ರಾಮ್‌ಗಳು ಓದುವ ಕಂಟ್ರೋಲ್ ಕಾರ್ಡ್‌ಗಳೂ ಇದ್ದವು. ಅವುಗಳಲ್ಲೊಂದು 73ರ ಆಚೆ ಒಂದು ದಿನಾಂಕ ಇಟ್ಟುಕೊಂಡಿತ್ತು. ಯಾರೋ ಆ ದಿನಾಂಕ ತಿದ್ದಿ ಕೊಟ್ಟರೆ ಎಂಡೆವರ್‌ಗೆ ಬದಲಾವಣೆಯೇ ಕಾಣಲಿಲ್ಲ. ಹಳೆಯ ದಿನಾಂಕವೇ ಮುಂದಕ್ಕೆ ಹೋಯಿತು. ಮೊದಲ ಪ್ರಕರಣದಲ್ಲಿ ಗದ್ದಲವಾದರೂ ಆಗಿತ್ತು, ಇಲ್ಲಿ ಅದೂ ಇಲ್ಲ. ನನ್ನ ಮಟ್ಟಿಗೆ ಈ ಎರಡನೆಯದೇ ಹೆಚ್ಚು ಅಪಾಯದ್ದು. ಕೊನೆಗೆ ಕಂಟ್ರೋಲ್ ಕಾರ್ಡ್‌ಗಳಿಗೆ ಬೇರೆ ಟೈಪ್ ಮಾಡಿ, ಗಡಿಯನ್ನು 80ಕ್ಕೇ ಬಿಡಲಾಯಿತು.

ಹಾಗೆಂದು ಕಂಡಕಂಡದ್ದಕ್ಕೆಲ್ಲ ಟೈಪ್ ಹುಟ್ಟಿಸುವ ಚಟ ಇನ್ನೊಂದು ಪಜೀತಿ. ಸಿಐಸಿಎಸ್ ಕೋಬಾಲ್‌ಗೊಂದು, ಡಿಬಿ2 ಕೋಬಾಲ್‌ಗೊಂದು, ಬರೀ ಬ್ಯಾಚ್‌ಗೊಂದು ಎಂದು ಹಂಚಿಟ್ಟ ಕಡೆಗಳಿವೆ. ಬ್ಯಾಚ್ ಪ್ರೋಗ್ರಾಮ್‌ಗೆ ನಾಳೆ ಒಂದು ಎಸ್‌ಕ್ಯೂಎಲ್ ಸಾಲು ಸೇರಿದರೆ ಅದು ಮನೆ ಬದಲಿಸಬೇಕು, ಚರಿತ್ರೆ ಎರಡು ಕಡೆ ಹರಿದು ಹಂಚಿಹೋಗುತ್ತದೆ. ಸೋರ್ಸ್ ಹೇಗಿದೆ ಎಂಬುದು ಟೈಪ್‌ನ ವಿಷಯ, ಅದನ್ನು ಹೇಗೆ ಕಂಪೈಲ್ ಮಾಡಬೇಕು ಎಂಬುದು ಪ್ರೊಸೆಸರ್ ಗ್ರೂಪ್‌ನ ವಿಷಯ. ಎಂಡೆವರ್ ಇವೆರಡನ್ನೂ ಬೇರೆಬೇರೆ ಇಟ್ಟಿರುವುದೇ ಅದಕ್ಕೆ.

ಟೈಪ್‌ಗಳ ಸರದಿಯನ್ನು ಬಹಳ ಜನ ನೋಡುವುದೇ ಇಲ್ಲ. ಒಂದೇ ಬ್ಯಾಚ್ ಜಾಬ್‌ನಲ್ಲಿ ಕಾಪಿಬುಕ್ಕೂ ಅದನ್ನು ಬಳಸುವ ಪ್ರೋಗ್ರಾಮೂ ಮೇಲಿನ ಸ್ಟೇಜ್‌ಗೆ ಹೋಗುತ್ತಿವೆ ಎನ್ನಿ. ಪ್ರೋಗ್ರಾಮ್ ಮೊದಲು ಕಂಪೈಲ್ ಆದರೆ ಅದು ಎತ್ತಿಕೊಳ್ಳುವುದು ಹಳೆಯ ಕಾಪಿಬುಕ್ಕನ್ನು. ಕಂಪೈಲ್‌ನಲ್ಲಿ ದೋಷವಿಲ್ಲ, ರಿಟರ್ನ್ ಕೋಡ್ ಸೊನ್ನೆ, ಎಲ್ಲರೂ ಮನೆಗೆ ಹೋಗುತ್ತಾರೆ. ರಾತ್ರಿ ಜಾಬ್ ಓಡುವಾಗ ರೆಕಾರ್ಡ್‌ನಲ್ಲಿ ಅಂಕಿ ಇರಬೇಕಾದ ಜಾಗದಲ್ಲಿ ಹೆಸರಿನ ತುಣುಕು ಸಿಕ್ಕು ಎಸ್0ಸಿ7 ಅಬೆಂಡ್. ಡಂಪ್ ಹಿಡಿದು ಕೂತವರು ಡೇಟಾವನ್ನು ಬೈಯುತ್ತಾರೆ. ಕಾಪಿಬುಕ್ ಮುಂದೆ, ಪ್ರೋಗ್ರಾಮ್ ಹಿಂದೆ ಎಂದು ಸರದಿ ಬರೆದಿದ್ದರೆ ಆ ರಾತ್ರಿ ನಿದ್ದೆ ಉಳಿಯುತ್ತಿತ್ತು.

ಇಂಥದೇ ಇನ್ನೊಂದು ತಂತ್ರಾಂಶವಾದ ಚೇಂಜ್‌ಮ್ಯಾನ್ ಜ಼ೆಡ್‌ಎಂಎಫ್‌ನಲ್ಲಿ ಟೈಪನ್ನೇ ಲೈಬ್ರರಿ ಟೈಪ್ ಎನ್ನುತ್ತಾರೆ. ಪ್ರತಿಯೊಂದೂ ಸೋರ್ಸ್‌ನಂಥದ್ದೋ ಕಾಪಿಯಂಥದ್ದೋ ಲೋಡ್‌ನಂಥದ್ದೋ ಎಂದು ಅಲ್ಲಿ ಹೇಳಬೇಕು. ಐಬಿಎಂನ ಎಸ್‌ಸಿಎಲ್‌ಎಂನಲ್ಲಿ ಟೈಪ್‌ಗಳನ್ನು ಮ್ಯಾಕ್ರೊಗಳಲ್ಲಿ ಬರೆಯುತ್ತಿದ್ದರು.

ಈಗ ಹಲವು ತಂಡಗಳು ಗಿಟ್ ಕಡೆಗೆ ಹೊರಟಿವೆ. ಫೈಲ್‌ಗೆ ಬಾಲ ಬರುತ್ತದಲ್ಲ, ಇನ್ನೇನು ಚಿಂತೆ ಎನ್ನುವವರಿಗೆ ಗಿಟ್‌ಆಟ್ರಿಬ್ಯೂಟ್ಸ್ ಫೈಲ್ ಕಾದಿರುತ್ತದೆ. ಮೇನ್‌ಫ್ರೇಮ್‌ನ ಎಬ್ಸಿಡಿಕ್ ಅಕ್ಷರಗಳು ಯುಟಿಎಫ್-8 ಆಗಬೇಕು, ಯಾವ ಕೋಡ್ ಪೇಜ್‌ನಿಂದ ಎಂದು ಪ್ರತಿ ಬಗೆಯ ಫೈಲ್‌ಗೂ ಹೇಳಬೇಕು. ಎಡ ಚೌಕಾವರಣ 037ನೇ ಪೇಜ್‌ನಲ್ಲಿ ಹೆಕ್ಸ್ ಬಿಎ, 1047ರಲ್ಲಿ ಎಡಿ. ತಪ್ಪು ಪೇಜ್ ಬರೆದರೆ ಆವರಣದ ಜಾಗದಲ್ಲಿ ಬೇರೇನೋ ಕೂರುತ್ತದೆ. ಇನ್ನು ಹಳೆಯ ಪ್ರೋಗ್ರಾಮರ್‌ಗಳು ಉದ್ಧರಣ ಚಿಹ್ನೆಗಳ ನಡುವೆ ನೇರವಾಗಿ ತೂರಿಸಿಟ್ಟ ಹೆಕ್ಸ್ 15ರಂಥ ಬೈಟ್‌ಗಳಿವೆ. ಎಬ್ಸಿಡಿಕ್‌ನಲ್ಲಿ 15 ಅಂದರೆ ಹೊಸ ಸಾಲು. ಪರಿವರ್ತನೆಯಾದಾಗ ಒಂದು ಸಾಲು ಅಲ್ಲೇ ಎರಡಾಗಿ ಮುರಿಯುತ್ತದೆ. ಅಂಥ ಮೆಂಬರ್‌ಗಳನ್ನು ಮೊದಲೇ ಹುಡುಕಿ, ಆ ಬೈಟನ್ನು ಹೆಕ್ಸ್ ಲಿಟರಲ್ ಆಗಿ ತಿದ್ದಿದ ಮೇಲೆಯೇ ವಲಸೆ ಶುರು ಮಾಡಬೇಕಾಗುತ್ತದೆ.