ಎರೆನೆಲದ ಅಂಗಳದಲ್ಲಿ ಗುಗ್ಗುಳ

ಗುಗ್ಗುಳ ಒಣನಾಡಿನ ಮುಳ್ಳುಪೊದೆ. ಇದರ ಸಸ್ಯಶಾಸ್ತ್ರೀಯ ಹೆಸರು ಕಮಿಫೋರಾ ವೈಟಿಯೈ. ರಾಜಸ್ಥಾನ, ಗುಜರಾತಿನ ಕಲ್ಲುನೆಲ ಇದರ ಮುಖ್ಯ ನೆಲೆ. ಕರ್ನಾಟಕದ ಬಯಲುಸೀಮೆಯಲ್ಲೂ ಇದ್ದ ದಾಖಲೆಗಳಿವೆ. ಅಂಟಿಗಾಗಿ ಕಾಂಡಕ್ಕೆ ಮನಬಂದಂತೆ ಗಾಯ ಮಾಡಿದ್ದರಿಂದ ಕಾಡಿನ ಗಿಡಗಳು ಕ್ಷೀಣಿಸಿ, 2015ರಲ್ಲಿ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಸಸ್ಯಗಳ ಸಾಲಿಗೆ ಸೇರಿತು. ಇದೇ ಅಂಟು ಆಯುರ್ವೇದದ ಗುಗ್ಗುಲು. ರಕ್ತದ ಕೊಬ್ಬಿನ ಮೇಲೆ ಅದರ ಪರಿಣಾಮವನ್ನು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1966ರ ಸಂಶೋಧನಾ ಪ್ರಬಂಧದಲ್ಲಿ ತೋರಿಸಿದ ಜಿ.ವಿ. ಸತ್ಯವತಿ ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದರು. ವೀರಭದ್ರನ ಒಕ್ಕಲಿನ ಮನೆಗಳಲ್ಲಿ ಪುರವಂತರನ್ನು ಕರೆಸಿ ಗುಗ್ಗಳ ಹೊರಡಿಸುವ ಹುಬ್ಬಳ್ಳಿ-ಧಾರವಾಡದಲ್ಲಿ ಈ ಹೆಸರು ಕೇಳದವರಿಲ್ಲ. ಗಿಡ ನೋಡಿದವರು ಮಾತ್ರ ಕಡಿಮೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಎರಡೂ ಬದಿಯ ಬಡಾವಣೆಗಳಲ್ಲಿ ಅಂಗಳಕ್ಕೆ ಕಲ್ಲು, ಗರಸು ಹರವಿ ‘ಮರುಭೂಮಿ ತೋಟ’ ಮಾಡುವವರು ಸಾಮಾನ್ಯವಾಗಿ ಭೂತಾಳೆ, ಪಾಪಾಸುಕಳ್ಳಿ ತಂದು ನೆಡುತ್ತಾರೆ. ಎರಡೂ ಅಮೆರಿಕ ಖಂಡದಿಂದ ಬಂದವು. ನಮ್ಮದೇ ಒಣನಾಡಿನ ಗಿಡವೊಂದು ಅಳಿಯುತ್ತಿರುವಾಗ ಆ ಜಾಗ ಗುಗ್ಗುಳಕ್ಕೆ ಸಲ್ಲಬೇಕು. ಮಲಪ್ರಭೆಯ ನೀರು ಬರುವ ದಿನ ಎಣಿಸುವ ಮನೆಗಳಿಗೆ ಇದು ಹೊರೆಯೂ ಅಲ್ಲ.

ಮೊದಲು ಗಿಡ ಗುರುತಿಸಬೇಕು. ಬೂದಿ ಬಣ್ಣದ ತೊಗಟೆ ಕಾಗದದಂಥ ತೆಳು ಪೊರೆಯಾಗಿ ಸುಲಿಯುತ್ತದೆ. ಪೊರೆ ಎತ್ತಿದರೆ ಅಡಿಯಲ್ಲಿ ಹಸಿರು. ಟೊಂಗೆಗಳು ಗಂಟುಗಂಟಾಗಿ ಸೊಟ್ಟಗೆ ಬೆಳೆದು ತುದಿಯಲ್ಲಿ ಮುಳ್ಳಾಗುತ್ತವೆ. ಎಲೆ ಚಿಕ್ಕದು, ಹೆಚ್ಚಾಗಿ ಮೂರು ದಳದ್ದು, ಅಂಚು ಗರಗಸದಂತೆ. ಟೊಂಗೆ ಮುರಿದರೆ ಸುವಾಸನೆಯ ಅಂಟು ಒಸರುತ್ತದೆ. ಅನುಮಾನ ಉಳಿದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದವರಿಗೆ ಒಂದು ರೆಂಬೆ ತೋರಿಸುವುದು ಒಳ್ಳೆಯದು. ಕಾಡಿನ ಗಿಡ ಕೀಳುವುದಾಗಲಿ, ಅದರ ಟೊಂಗೆ ಕಡಿದು ತರುವುದಾಗಲಿ ಕೂಡದು. ಔಷಧಿ ಸಸ್ಯಗಳ ನರ್ಸರಿಯಿಂದಲೇ ತರಬೇಕು.

ಬೀಜದಿಂದ ಬೆಳೆಸುವುದು ಕಷ್ಟ. ಹಣ್ಣಿನಲ್ಲಿ ಕಪ್ಪು ಮತ್ತು ಹಳದಿ ಬಿಳುಪಿನ ಎರಡು ಬಗೆಯ ಬೀಜ ಸಿಗುತ್ತವೆ. ಮೊಳೆಯುವ ಕಸುವು ಇರುವುದು ಕಪ್ಪು ಬೀಜಕ್ಕೆ, ಅದರಲ್ಲೂ ಮೊಳೆಯುವವು ಕೆಲವೇ. ಆದ್ದರಿಂದ ಕಡ್ಡಿ ನೆಡುವುದೇ ರೂಢಿ. ಬಲಿತ ಟೊಂಗೆಯಿಂದ ಕಿರುಬೆರಳು ದಪ್ಪದ, 20ರಿಂದ 25 ಸೆಂಟಿಮೀಟರ್ ಉದ್ದದ ಕಡ್ಡಿ ಕತ್ತರಿಸಿ, ಗಾಯ ಒಣಗುವವರೆಗೆ ಕೆಲವು ದಿನ ನೆರಳಿನಲ್ಲಿ ಇಡಬೇಕು. ಬುಡ-ತುದಿ ಅದಲುಬದಲಾಗದಂತೆ, ಮಣ್ಣು ತುಂಬಿದ ಪಾಕೀಟಿನಲ್ಲಿ ಮೂರನೇ ಒಂದು ಭಾಗ ಹೂಳಬೇಕು. ರೋಹಿಣಿ ಮಳೆಯ ಹೊತ್ತಿಗೆ ನೆಟ್ಟರೆ ಹದ ಸರಿ. ಮೊದಲು ಚಿಗುರು ಬರುತ್ತದೆ, ಬೇರು ಆಮೇಲೆ. ಚಿಗುರು ಕಂಡ ಕೂಡಲೇ ಕಿತ್ತು ನೋಡುವವರ ಕಡ್ಡಿ ಉಳಿಯುವುದಿಲ್ಲ. ಪಾಕೀಟಿನಲ್ಲೇ ಒಂದು ವರ್ಷ ಬಿಟ್ಟು, ಮರುವರ್ಷದ ಮಳೆಗಾಲದ ಮೊದಲಲ್ಲಿ ಅಂಗಳಕ್ಕಿಳಿಸಬೇಕು.

ಅಂಗಳಕ್ಕಿಳಿಸುವಾಗಲೇ ಹೆಚ್ಚಿನ ಗಿಡಗಳು ಹಾಳಾಗುತ್ತವೆ. ಗೋಕುಲ ರಸ್ತೆಯ ಸುತ್ತ ನೆಲ ಬಹುಪಾಲು ಎರೆ. ಒಣನಾಡಿನ ಗಿಡಕ್ಕೆ ಎರೆ ಆಗದು ಎಂದು ತಿಳಿದವರು ಎರಡು ಮೂರು ಅಡಿ ಗುಂಡಿ ತೋಡಿ, ಮಣ್ಣು ಹೊರಹಾಕಿ, ಮರಳು-ಗರಸು ತುಂಬಿ ನೆಡುತ್ತಾರೆ. ಮೇಲುನೋಟಕ್ಕೆ ಇದು ಜಾಣತನದ ಕೆಲಸ. ಆಗುವುದೇ ಬೇರೆ. ಎರೆಮಣ್ಣು ನೀರು ಕುಡಿದು ಉಬ್ಬಿದರೆ ಅದರ ಬಿರುಕುಗಳೆಲ್ಲ ಮುಚ್ಚಿ, ಗುಂಡಿಯ ಗೋಡೆ, ತಳ ಎರಡೂ ನೀರು ಬಿಡದಂತಾಗುತ್ತವೆ. ಸುತ್ತಲಿನ ಅಂಗಳದ ನೀರೆಲ್ಲ ಸಡಿಲವಾದ ಮರಳಿಗೇ ನುಗ್ಗುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಗಿಡಕ್ಕಾಗಿ ತೋಡಿದ ಗುಂಡಿ ನೀರಿನ ಹೌದಾಗಿಬಿಡುತ್ತದೆ. ಮೇಲಿನ ಮರಳು ಒಣಗಿ ಬೆಳ್ಳಗೆ ಕಾಣುತ್ತಿರುತ್ತದೆ. ಎರಡಡಿ ಕೆಳಗೆ ಬೇರು ನೀರಿನಲ್ಲಿ ನಿಂತಿರುತ್ತದೆ. ಜುಲೈ, ಆಗಸ್ಟ್ ತಿಂಗಳ ಬಿಡದ ಜಿಟಿಜಿಟಿ ಮಳೆಯಲ್ಲಿ ಬುಡದ ತೊಗಟೆ ಮೆತ್ತಗಾದರೆ ಒಳಗೆ ಕೊಳೆ ಶುರುವಾಗಿದೆ ಎಂದೇ ಅರ್ಥ. ಅಲ್ಲಿಂದ ಉಳಿಸಬಹುದಾದದ್ದು ಮೇಲಿನ ಗಟ್ಟಿ ಟೊಂಗೆಯ ಕಡ್ಡಿ ಮಾತ್ರ.

ಪರೀಕ್ಷೆ ಸುಲಭ. ಒಂದಡಿ ತಗ್ಗು ತೋಡಿ, ರಾತ್ರಿ ಒಂದು ಬಕೆಟ್ ನೀರು ಸುರಿಯಬೇಕು. ಬೆಳಿಗ್ಗೆ ತಳದಲ್ಲಿ ನೀರು ನಿಂತಿದ್ದರೆ ಅಲ್ಲಿ ಗುಂಡಿ ತೋಡುವ ವಿಚಾರವನ್ನೇ ಬಿಡಬೇಕು.

ಎರೆಯಲ್ಲಿ ಕೆಳಗೆ ಹೋಗದೆ ಮೇಲೆ ಬರಬೇಕು. ನೆಲವನ್ನು ಅಗೆಯದೆ, ನಡುವೆ ಎತ್ತರ, ಸುತ್ತ ಇಳಿಜಾರು ಬರುವಂತೆ ಕೆರೆದು ಗಟ್ಟಿ ಮಾಡಿ, ಅದರ ಮೇಲೆ ಒಂದೂವರೆ ಅಡಿ ಎತ್ತರದ, ನಾಲ್ಕಡಿ ಅಗಲದ ದಿಬ್ಬ ಹಾಕಬೇಕು. ಎರಡು ಪಾಲು ಗರಸು, ಒಂದು ಪಾಲು ಮಸಾರಿ ಮಣ್ಣು, ಒಂದು ಪಾಲು ದಪ್ಪ ಮರಳು, ಮೇಲಿಷ್ಟು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಾಕು. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದೇ ಬಳಸಬೇಕು; ಅದರ ಸಣ್ಣ ಪುಡಿ ಗರಸಿನ ಸಂದುಗಳನ್ನು ತುಂಬಿ ಗಟ್ಟಿಯಾಗುತ್ತದೆ. ದಿಬ್ಬದ ಸುತ್ತ ಕಲ್ಲು ಜೋಡಿಸಬಹುದು, ಸಿಮೆಂಟ್ ಹಾಕಿ ಸಂದು ಮುಚ್ಚಬಾರದು. ಚೆಂದ ಕಾಣಲೆಂದು ಕಟ್ಟೆ ಕಟ್ಟಿ ಗಿಲಾವು ಮಾಡಿಸಿದರೆ ಅದೇ ಹೌದು ನೆಲದ ಮೇಲೆ ಬಂದಂತೆ. ಮಾಳಿಗೆಯ ನೀರು ಇಳಿಯುವ ಪೈಪಿನಿಂದ ದಿಬ್ಬ ದೂರವಿರಲಿ. ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳಬೇಕು.

ಕುಂಡದಲ್ಲಿ ಬೆಳೆಸುವವರು ಮಣ್ಣಿನ ಕುಂಡ ಆರಿಸಿ, ಅಡಿಯ ತಟ್ಟೆ ತೆಗೆದುಬಿಡಬೇಕು.

ಮೊದಲ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ತಾಗದಂತೆ ಸುತ್ತ ನೀರು ಕೊಟ್ಟರೆ ಸಾಕು. ಎರಡನೇ ವರ್ಷದಿಂದ ತಿಂಗಳಿಗೊಮ್ಮೆ. ಮಳೆಗಾಲದಲ್ಲಿ ನೀರು ಬೇಡವೇ ಬೇಡ. ಮಳೆ ನಿಂತ ಮೇಲೆ ಗುಗ್ಗುಳ ಎಲೆ ಉದುರಿಸಿ ತಿಂಗಳುಗಟ್ಟಲೆ ಬೋಳಾಗಿ ನಿಲ್ಲುವುದು ಅದರ ಸ್ವಭಾವ. ಸತ್ತಿತೆಂದು ಹೆದರಿ ದಿನಾ ನೀರು ಹಾಕುವವರೇ ಅದನ್ನು ನಿಜವಾಗಿ ಕೊಲ್ಲುತ್ತಾರೆ. ಉಗುರಿನಿಂದ ಪೊರೆ ಕೆರೆದಾಗ ಹಸಿರು ಕಂಡರೆ ಗಿಡ ಜೀವಂತ. ಏಪ್ರಿಲ್-ಮೇ ಅಡ್ಡಮಳೆ ಬಿದ್ದ ಮೇಲೆ ಚಿಗುರುತ್ತದೆ.

ಗೆದ್ದಲು ಇದರ ದೊಡ್ಡ ಶತ್ರು. ದಿಬ್ಬಕ್ಕೆ ಬೇವಿನ ಹಿಂಡಿ ಬೆರೆಸಬೇಕು. ಕಾಂಡದ ಮೇಲೆ ಗೆದ್ದಲಿನ ಮಣ್ಣು ಕಂಡ ದಿನವೇ ಉಜ್ಜಿ ತೆಗೆಯಬೇಕು. ಒಣ ಟೊಂಗೆ, ನೆಲಕ್ಕೆ ತಾಗುವ ಟೊಂಗೆ ಬಿಟ್ಟರೆ ಬೇರೇನೂ ಕತ್ತರಿಸುವುದಿಲ್ಲ.

ಅಂಟು ತೆಗೆಯುವ ಮಾತು ಎಂಟು ಹತ್ತು ವರ್ಷದವರೆಗೆ ಬೇಡ. ಆಮೇಲೂ ಚಳಿಗಾಲದಲ್ಲಿ, ತೊಗಟೆಯಷ್ಟೇ ಆಳಕ್ಕೆ, ಬಲಿತ ಕಾಂಡದ ಒಂದು ಬದಿಗೆ ಮಾತ್ರ ಗಾಯ ಮಾಡಬೇಕು. ಮನೆಯ ಗಿಡದ ಅಂಟನ್ನು ಧೂಪಕ್ಕೆ ಬಳಸಬಹುದು. ಶೋಧಿಸದ ಅಂಟನ್ನು ಔಷಧಿಯೆಂದು ನುಂಗಬಾರದು.