ಸ್ಪರ್ಧೆಯ ಪಿಸ್ತೂಲಿಗೆ ತೋಟಾ ಮನೆಯಲ್ಲೇ ತುಂಬಿಕೊಳ್ಳಬಹುದೇ?

ಪ್ರಶ್ನೆ: ನಾನು ಆಲೂರು ತಾಲ್ಲೂಕಿನ ಕಾಫಿ ಬೆಳೆಗಾರ. ಅಜ್ಜನ ಕಾಲದಿಂದಲೂ ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇದೆ. ಈಚೆಗೆ ಗುರಿ ಸ್ಪರ್ಧೆಯ ಆಸೆ ಹತ್ತಿ .32 ಸೆಂಟರ್ ಫೈರ್ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಗುಂಡುಗಳು ದುಬಾರಿ, ಬೇಕೆಂದಾಗ ಸಿಗುವುದೂ ಇಲ್ಲ. ಅಮೆರಿಕದಲ್ಲಿರುವ ಭಾವ ತಮ್ಮ ಗ್ಯಾರೇಜಿನಲ್ಲೇ ತೋಟಾ ತುಂಬಿಕೊಳ್ಳುತ್ತಾರೆ, ತಮ್ಮ ಹಳೆಯ ಪ್ರೆಸ್ ಕಳಿಸುತ್ತೇನೆ ಅನ್ನುತ್ತಾರೆ. ನಾನೂ ಶುರು ಮಾಡಬೇಕೆಂದಿದ್ದೇನೆ. ಹೇಗೆ?

ಉತ್ತರ: ಮೊದಲು ಭಾವನವರಿಗೆ ಫೋನ್ ಮಾಡಿ, ಪ್ರೆಸ್ ಕಳಿಸುವುದು ಬೇಡ ಎಂದು ಹೇಳಿಬಿಡಿ. ಅವರು ಮಾಡುತ್ತಿರುವುದರಲ್ಲಿ ತಪ್ಪಿಲ್ಲ. ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ. ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ನಿಮಗೆ ಸಿಕ್ಕಿರುವುದು ಆಯುಧ, ಮದ್ದುಗುಂಡು ಇಟ್ಟುಕೊಳ್ಳುವ ಪರವಾನಗಿ. ಮದ್ದುಗುಂಡು ತಯಾರಿಸುವುದು 5ನೇ ಸೆಕ್ಷನ್ನಿಗೆ ಸೇರಿದ್ದು, ಅದಕ್ಕೆ ಬೇರೆಯೇ ಪರವಾನಗಿ ಬೇಕು. ಮದ್ದುಗುಂಡು ಎಂದರೇನು ಎಂದು ಹೇಳುವಾಗ ಕಾಯ್ದೆ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಜೊತೆಗೇ ಸೇರಿಸಿದೆ. ಹಾಗಾಗಿ ನಿಮ್ಮ ಭಾವನವರ ಹಳೆಯ ಪ್ರೆಸ್ ಇಲ್ಲಿಗೆ ಬಂದರೆ ಅದು ಬರೀ ಕಬ್ಬಿಣದ ಸಾಮಾನಾಗಿ ಉಳಿಯುವುದಿಲ್ಲ, ಅದನ್ನು ವಿದೇಶದಿಂದ ತರಿಸಿಕೊಳ್ಳಲೂ ಪರವಾನಗಿ ಬೇಕಾಗುತ್ತದೆ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದೆ ತಯಾರಿಸಿದರೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. ‘ಸ್ವಂತಕ್ಕೆ ಮಾಡಿಕೊಂಡೆ, ಮಾರಲಿಲ್ಲ’ ಎಂದರೆ ಪಾರಾಗುವಂತಿಲ್ಲ.

ನಮ್ಮ ಸೀಮೆಯಲ್ಲಿ ಇದನ್ನು ಇನ್ನಷ್ಟು ಗಂಭೀರವಾಗಿ ನೋಡುವುದಕ್ಕೆ ಕಾರಣವೂ ಇದೆ. ಕಾಡುಹಂದಿಗೆಂದು ತೋಟದಂಚಿನಲ್ಲಿ ಸಿಡಿಮದ್ದು ಇಡುವ ದುರಭ್ಯಾಸ ಮಲೆನಾಡಿನಿಂದ ಪೂರ್ತಿ ಹೋಗಿಲ್ಲ. ಮೇಯಲು ಹೋದ ದನ ಅದನ್ನು ಕಚ್ಚಿ ದವಡೆ ಛಿದ್ರವಾದರೆ ಆ ಸಂಕಟ ನೋಡಲಾಗದು. ಮನೆಯಲ್ಲಿ ಬಿಡಿ ಮದ್ದು ಸಿಕ್ಕಿತೆಂದರೆ ಪೊಲೀಸರಿಗಾಗಲಿ ಅರಣ್ಯ ಇಲಾಖೆಗಾಗಲಿ ಮೊದಲು ಹೊಳೆಯುವುದು ಇದೇ. ಚುನಾವಣೆ ಬಂದಾಗ ಕೋವಿ ಹೊತ್ತು ಠಾಣೆಗೆ ಹೋಗಿ ಒಪ್ಪಿಸಿ ರಸೀದಿ ತರುವವರು ನೀವು, ಈ ಲೆಕ್ಕಾಚಾರ ನಿಮಗೆ ಗೊತ್ತಿರುವುದೇ.

ಇನ್ನು ಕೆಲಸದ ಒಳಗುಟ್ಟು. ಅದು ತಿಳಿದರೆ ನಿಮ್ಮ ಆಸೆಯ ನಿಜವಾದ ದಾರಿ ಯಾವುದೆಂದೂ ತಿಳಿಯುತ್ತದೆ. ಒಂದು ತೋಟಾದಲ್ಲಿ ಇರುವುದು ನಾಲ್ಕೇ ಅಂಗ: ಹಿತ್ತಾಳೆಯ ಕೇಸು, ಅದರ ತಳದಲ್ಲಿ ಕೂರುವ ಪ್ರೈಮರು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೂ ಹಿತ್ತಾಳೆ ಉಳಿಯುತ್ತದೆ, ಬೆಲೆಯಲ್ಲಿ ದೊಡ್ಡ ಪಾಲು ಅದರದೇ. ಅದನ್ನು ಹಳೆಯ ಅಳತೆಗೆ ತಂದು, ಸತ್ತ ಪ್ರೈಮರು ತೆಗೆದು ಹೊಸದು ಕೂರಿಸಿ, ಮದ್ದು ಅಳೆದು ಹಾಕಿ, ಗುಂಡು ಒತ್ತಿದರೆ ಮತ್ತೊಂದು ತೋಟಾ. ಹೊರದೇಶದ ಗುರಿಕಾರರು ಹಣ ಉಳಿಸಲು ಇದನ್ನು ಮಾಡುತ್ತಾರೆ. ತಮ್ಮ ಪಿಸ್ತೂಲಿಗೆ ಒಗ್ಗುವ ಹದ ಹುಡುಕಲೂ ಮಾಡುತ್ತಾರೆ.

ಹೇಳುವಾಗ ಸಲೀಸಾಗಿ ಕಾಣುವ ಈ ಕೆಲಸದಲ್ಲಿ ಮೋಸ ಇರುವುದು ಮದ್ದಿನಲ್ಲಿ. ನಿಮ್ಮ ಅಜ್ಜನವರ ಕಾಲದ ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಹಾಕುತ್ತಿದ್ದುದು ಕಪ್ಪು ಮದ್ದು. ಅದನ್ನು ಅಳತೆಯ ಕೊಳವೆಯಲ್ಲಿ ತುಂಬಿ ಸುರಿಯುತ್ತಿದ್ದರು, ಒಂದು ಚಿಟಿಕೆ ಆಚೀಚೆ ಆದರೂ ಸಹಿಸುವ ಜಾತಿ ಅದು. ಇಂದಿನ ಹೊಗೆರಹಿತ ಮದ್ದಿನ ಸ್ವಭಾವವೇ ಬೇರೆ. ಇಕ್ಕಟ್ಟು ಹೆಚ್ಚಿದಷ್ಟೂ ಅದು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. .32ರ ಗುರಿ ತೋಟಾಕ್ಕೆ ಬೇಕಾಗುವುದು ಗ್ರಾಮಿನ ಹತ್ತನೇ ಒಂದು ಭಾಗದ ಆಸುಪಾಸು, ಕೇಸಿನ ತಳ ಮುಚ್ಚಿದರೆ ಹೆಚ್ಚು. ಮಾತಿಗೆ ಮನಸ್ಸು ಹೊರಳಿ ಅದೇ ಕೇಸಿಗೆ ಇನ್ನೊಮ್ಮೆ ಹಾಕಿದರೂ ಜಾಗ ಉಳಿದಿರುತ್ತದೆ, ಮೇಲೆ ಗುಂಡು ಕೂತ ಮೇಲೆ ಹೊರಗಿನಿಂದ ಏನೂ ಕಾಣದು. ಅಂಥದ್ದೊಂದು ಸಿಡಿದರೆ ಪಿಸ್ತೂಲು ಕೈಯಲ್ಲೇ ಒಡೆಯಬಹುದು. ಮದ್ದೇ ಹಾಕದೆ ಹೋದದ್ದು ಇನ್ನೊಂದು ಬಗೆಯ ಅಪಾಯ. ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯ ಅರ್ಧಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ‘ಟಪ್’ ಎಂಬ ಸಣ್ಣ ಸದ್ದು ಬಂದದ್ದನ್ನು ಲೆಕ್ಕಿಸದೆ ಮತ್ತೆ ಕುದುರೆ ಎಳೆದರೆ ನಳಿಗೆ ಸೀಳಬಹುದು. ಕಾರ್ಖಾನೆಯ ತೋಟಾದಲ್ಲೂ ಸದ್ದು ಎಂದಿಗಿಂತ ಸಣ್ಣದಾಗಿ ಕೇಳಿದರೆ ಕೂಡಲೇ ನಿಲ್ಲಿಸಿ, ಪಿಸ್ತೂಲನ್ನು ಗುರಿಯತ್ತಲೇ ಹಿಡಿದುಕೊಂಡು ರೇಂಜ್ ಅಧಿಕಾರಿಯನ್ನು ಕರೆಯಿರಿ.

ನಮ್ಮ ಹವೆಯೂ ಈ ಕೆಲಸಕ್ಕೆ ಒಗ್ಗುವುದಿಲ್ಲ. ಸಕಲೇಶಪುರದ ಮಂಜರಾಬಾದ್ ಕೋಟೆಗೆ ಹೋದವರು ನಡುವಿನ ಕೊಳದ ಬಳಿ ಎರಡು ನೆಲಮಾಳಿಗೆ ನೋಡಿರುತ್ತೀರಿ. 1792ರಲ್ಲಿ ಟಿಪ್ಪು ಕಟ್ಟಿಸಿದ ಆ ಎಂಟು ಮೂಲೆಯ ಕೋಟೆಯಲ್ಲಿ ಮದ್ದು ಇಡುತ್ತಿದ್ದುದು ಅಲ್ಲಿ. ಬೇಸಿಗೆಯಲ್ಲೂ ತಂಪಾಗಿರುವ ಆ ಕೋಣೆಗಳನ್ನು ಮದ್ದಿಗೆಂದೇ ಕಟ್ಟಿದ್ದರು. ಮದ್ದಿಗೂ ಪ್ರೈಮರಿಗೂ ಬಿಸಿ, ತೇವ, ಕಿಡಿ ಮೂರೂ ಆಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಮನೆಗಳಲ್ಲಿ, ಅಡುಗೆ ಒಲೆ, ಬಚ್ಚಲ ಒಲೆ ಉರಿಯುವ ಸೂರಿನಡಿ ಅವುಗಳಿಗೆ ಜಾಗವಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ: ಸ್ವಂತ ತೋಟಾ ಇಲ್ಲದೆ ಮೇಲೇರಲು ಆಗುವುದೇ? ಧಾರಾಳವಾಗಿ ಆಗುತ್ತದೆ. ಒಲಿಂಪಿಕ್ಸಿನಲ್ಲಿ ಇರುವುದು ಏರ್ ಪಿಸ್ತೂಲು ಮತ್ತು .22 ಪಿಸ್ತೂಲು ಮಾತ್ರ. .22 ತೋಟಾದಲ್ಲಿ ಕಿಡಿಯ ಮಸಾಲೆ ತಳದ ಅಂಚಿನ ಮಡಿಕೆಯೊಳಗೇ ಇರುತ್ತದೆ, ಅದನ್ನು ಮತ್ತೆ ತುಂಬಿಕೊಳ್ಳುವ ರೂಢಿ ಸ್ಪರ್ಧೆಯಲ್ಲಿ ಇಲ್ಲ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟದಲ್ಲಿ ತಂಡದೊಂದಿಗೆ ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ನೀವು ಹಿಡಿದಿರುವ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ಜಸ್ಪಾಲ್ ರಾಣಾ 2006ರ ದೋಹಾ ಕೂಟದಲ್ಲಿ 600ಕ್ಕೆ 590 ಗಳಿಸಿ ವಿಶ್ವದಾಖಲೆ ಸರಿಗಟ್ಟಿದರು.

ಒಂದು ಲೆಕ್ಕ ನೋಡಿ. ನಿಮ್ಮ ಸ್ಪರ್ಧೆಯ ಮೊದಲ ಭಾಗದಲ್ಲಿ 25 ಮೀಟರ್ ದೂರದ ಗುರಿಯ ಹತ್ತರ ವೃತ್ತ 50 ಮಿ.ಮೀ. ಅಗಲ. ಒಳ್ಳೆಯ ಪಿಸ್ತೂಲಿಗೆ ಒಳ್ಳೆಯ ಕಾರ್ಖಾನೆ ತೋಟಾ ಹಾಕಿ ಮರಳು ಚೀಲದ ಮೇಲಿಟ್ಟು ಹೊಡೆದರೆ ಗುಂಡುಗಳು ಆ ವೃತ್ತದೊಳಗೇ ಗುಂಪಾಗುತ್ತವೆ. ಇನ್ನು ಕೈ. ಪಿಸ್ತೂಲಿನ ಹಿಂದಿನ ಮತ್ತು ಮುಂದಿನ ಗುರಿಗಣ್ಣುಗಳ ನಡುವೆ 220 ಮಿ.ಮೀ. ಅಂತರವಿದ್ದರೆ, 25 ಮೀಟರ್ ಎಂಬುದು ಅದರ 114 ಪಟ್ಟು. ಕುದುರೆ ಎಳೆಯುವಾಗ ಮುಂದಿನ ಗುರಿಗಣ್ಣು ಹಿಂದಿನದರ ಕಂಡಿಯಲ್ಲಿ ಅರ್ಧ ಮಿಲಿಮೀಟರ್ ಸರಿದರೂ ಗುಂಡು 57 ಮಿ.ಮೀ. ಆಚೆ ಬೀಳುತ್ತದೆ. ನಡುವಿಗೆ ಹೋಗಬೇಕಿದ್ದ ಹತ್ತು ಎಂಟಾಗುತ್ತದೆ. ತೋಟಾದ ಹದ ಎಷ್ಟು ತಿದ್ದಿದರೂ ಈ ಎರಡು ಅಂಕ ಮರಳಿ ಬಾರದು. ಅದನ್ನು ತಿದ್ದುವುದು ಬೆರಳು, ಮಣಿಕಟ್ಟು, ಕಣ್ಣು.

ಆದ್ದರಿಂದ ಶುರು ಮಾಡಬೇಕಾದ್ದು ಇಲ್ಲಿಂದ. ಖಾಲಿ ಪಿಸ್ತೂಲಿನ ಅಭ್ಯಾಸವನ್ನು ದಿನವೂ ಮಾಡಿ. ತೋಟಾಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿ, ನಳಿಗೆ ಖಾಲಿಯೆಂದು ಕಣ್ಣಿಂದಲೂ ಬೆರಳಿಂದಲೂ ನೋಡಿ, ಬಿಳಿ ಗೋಡೆಗೆ ಎದುರಾಗಿ ನಿಂತು ಕುದುರೆ ಎಳೆಯಿರಿ. ಮುಂದಿನ ಗುರಿ ಕದಲದೆ ಕುದುರೆ ಬಿದ್ದರೆ ಅದು ಲೆಕ್ಕಕ್ಕೆ. ಸೆಂಟರ್ ಫೈರಿನಲ್ಲಿ ಕುದುರೆಯ ಎಳೆತ ಕನಿಷ್ಠ 1,000 ಗ್ರಾಂ ಇರಬೇಕೆಂಬ ನಿಯಮವಿದೆ, ಆ ಭಾರ ಬೆರಳಿಗೆ ಒಗ್ಗಲು ಗುಂಡು ಬೇಕಿಲ್ಲ. ಜೊತೆಗೆ ಒಂದು ಏರ್ ಪಿಸ್ತೂಲು ಕೊಳ್ಳಿ. 4.5 ಮಿ.ಮೀ. ನಳಿಗೆಯ, 20 ಜೂಲ್‌ಗಿಂತ ಕಡಿಮೆ ಬಲದವಕ್ಕೆ 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಕೇಳುವುದಿಲ್ಲ. ಕಾಫಿ ಗೋಡೌನಿನಲ್ಲಿ ಮೂಟೆ ಸರಿಸಿದರೆ 10 ಮೀಟರ್ ಸಿಗುತ್ತದೆ. ಹಿಂದೆ ಗಟ್ಟಿ ಗೋಡೆ, ಪೆಲೆಟ್ ಹಿಡಿಯುವ ಪೆಟ್ಟಿಗೆ, ಹಾದಿಗೆ ಯಾರೂ ಅಡ್ಡ ಬಾರದಂತೆ ಚಿಲಕ ಇದ್ದರೆ ಮಳೆಗಾಲವಿಡೀ ಅಭ್ಯಾಸ ನಿಲ್ಲದು.

ಸಿಕ್ಕ ತೋಟಾಗಳನ್ನು ಬುದ್ಧಿಯಿಂದ ಬಳಸಿ. ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೇರೆ ಬೇರೆ ಲಾಟಿನ ತೋಟಾಗಳನ್ನು ರೇಂಜಿನಲ್ಲಿ ಆಸರೆಯ ಮೇಲಿಟ್ಟು ಹೊಡೆದು, ನಿಮ್ಮ ಪಿಸ್ತೂಲಿಗೆ ಒಗ್ಗಿದ್ದನ್ನು ಸ್ಪರ್ಧೆಗೆ, ಉಳಿದದ್ದನ್ನು ಅಭ್ಯಾಸಕ್ಕೆ ಇಡಿ. ಭಾವನವರು ಪ್ರೆಸ್ಸಿನಲ್ಲಿ ಹುಡುಕುವ ಹೊಂದಾಣಿಕೆಯಲ್ಲಿ ಬಹುಪಾಲು ಇದರಲ್ಲೇ ಸಿಗುತ್ತದೆ. ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡು ಸಿಕ್ಕರೆ ಅದನ್ನೇ ಆರಿಸಿ. ಅದು ಕಾಗದವನ್ನು ದುಂಡಗೆ ಕತ್ತರಿಸುವುದರಿಂದ ಗೆರೆ ಮುಟ್ಟಿತೋ ಇಲ್ಲವೋ ಎಂಬ ತಕರಾರು ಏಳದು. ಸೀಸದ ಗುಂಡು ಮುಟ್ಟಿದ ಕೈ ತೊಳೆಯದೆ ಕಾಫಿ ಲೋಟ ಹಿಡಿಯಬೇಡಿ.

ತೋಟಾ ಸಿಗದಿರುವ ಕಷ್ಟಕ್ಕೆ ಪರಿಹಾರ ಕ್ರೀಡೆಯ ದಾರಿಯಲ್ಲೇ ಇದೆ. 1951ರಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ ಸಂಸ್ಥೆಯ ಕೆಳಗೆ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಇದೆ. ಅದರ ಸದಸ್ಯರಾಗಿ, ರಾಜ್ಯ ಮಟ್ಟದ ಸ್ಪರ್ಧೆಯಲ್ಲಿ ಹೆಸರು ನೋಂದಾಯಿಸಿ. 2016ರ ನಿಯಮಗಳು ಕ್ರೀಡಾಪಟುಗಳನ್ನು ಸಾಧನೆಗೆ ತಕ್ಕಂತೆ ವಿಂಗಡಿಸಿವೆ. ದರ್ಜೆ ಏರಿದಂತೆ ವರ್ಷಕ್ಕೆ ಸಿಗುವ ತೋಟಾದ ಮಿತಿಯೂ ಏರುತ್ತದೆ, ಮೇಲಿನ ದರ್ಜೆಯವರಿಗೆ ಆಮದಿನ ಅವಕಾಶವೂ ಇದೆ. ಇಷ್ಟಾದ ಮೇಲೂ ತುಂಬುವ ಕೆಲಸ ಕಲಿಯಲೇಬೇಕು ಅನ್ನಿಸಿದರೆ ಹಾಸನದ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಲಿಖಿತ ಉತ್ತರವನ್ನೇ ಪಡೆಯಿರಿ, ಬಾಯಿಮಾತಿನ ‘ಪರವಾಗಿಲ್ಲ’ ನಂಬಬೇಡಿ. ಅಮೆರಿಕಕ್ಕೆ ಹೋದಾಗ ಭಾವನವರ ಪಕ್ಕ ಕೂತು ಅವರ ಕೆಲಸ ನೋಡಿ ಬನ್ನಿ. ಅಲ್ಲಿಯವರೆಗೆ ಪ್ರೆಸ್ಸಿಗೆ ಖರ್ಚಾಗಬೇಕಿದ್ದ ಹಣ ಏರ್ ಪಿಸ್ತೂಲಿಗೂ ಒಬ್ಬ ಒಳ್ಳೆಯ ತರಬೇತುದಾರರಿಗೂ ಸಲ್ಲಲಿ. ನಿಮ್ಮ ಅಂಕ ಏರುವುದು ಅದರಿಂದಲೇ.